ಮದರ್‌ಬೋರ್ಡ್ ಕೊಳ್ಳೋ ಮೊದಲು ಸ್ವಿಚ್‌ಬೋರ್ಡ್ ನೋಡಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿರುವ ನಮ್ಮ ಅಂಕಣಗಾರ್ತಿ ಈ ಸಲ ಉತ್ತರಿಸಿರುವ ಪ್ರಶ್ನೆಗಳು ಇವು.

ಪ್ರಶ್ನೆ: ಮೇಡಂ, ನನಗೆ 20 ವರ್ಷ. ಗೇಮ್ ಆಡ್ತೀನಿ, ವಿಡಿಯೊ ಎಡಿಟಿಂಗ್ ಕಲೀತಿದ್ದೀನಿ. ಅಡಿಕೆ ಕೊಯ್ಲು ಮುಗಿದ ಮೇಲೆ ಹೊಸ ಡೆಸ್ಕ್‌ಟಾಪ್‌ಗೆ 80 ಸಾವಿರ ಕೊಡ್ತೀನಿ ಅಂದಿದ್ದಾರೆ ಅಪ್ಪ. 25 ಸಾವಿರದ ಮದರ್‌ಬೋರ್ಡ್ ತಗೊಂಡು ಓವರ್‌ಕ್ಲಾಕ್ ಮಾಡಿದರೆ, ಅಂದ್ರೆ ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸಿದರೆ, ಕಡಿಮೆ ಬೆಲೆಯ ಪ್ರೊಸೆಸರೇ ದುಬಾರಿಯದರ ಥರ ಓಡುತ್ತೆ ಅಂತಾನೆ ಗೆಳೆಯ. ನಿಜಾನಾ? ಇಂಟೆಲ್ ತಗೊಳ್ಳಲಾ, ಎಎಂಡಿ ತಗೊಳ್ಳಲಾ?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ವಯಸ್ಸು ಬರೆದಿದ್ದೀಯ, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ನಿನ್ನ ಗೆಳೆಯ ಹೇಳಿದ್ದು ನಿಜ. ಆದರೆ ಅದು 1999ರ ನಿಜ. ಆಗ ನಾನು ನೆಹರೂ ರಸ್ತೆಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸಕ್ಕಿದ್ದೆ. ಇಂಟೆಲ್‌ನ ಸೆಲೆರಾನ್ 300ಎ ಅನ್ನೋ ಪ್ರೊಸೆಸರ್ ಹಿಂದಿನ ವರ್ಷವಷ್ಟೇ ಬಂದಿತ್ತು. ಬೋರ್ಡ್ ಕೊಡುವ 66 ಮೆಗಾಹರ್ಟ್ಸ್ ತಾಳವನ್ನು ನಾಲ್ಕೂವರೆ ಪಟ್ಟು ಮಾಡಿಕೊಂಡು ಅದು 300ರಲ್ಲಿ ಓಡುತ್ತಿತ್ತು. ಆ ನಾಲ್ಕೂವರೆಯನ್ನು ಮುಟ್ಟುವ ಹಾಗಿರಲಿಲ್ಲ. ಆದರೆ 440ಬಿಎಕ್ಸ್ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಜೋಡಿಸುವ ಚಿಪ್ಪು) ಇರುವ ಬೋರ್ಡ್ ಸಿಕ್ಕರೆ 66ರ ಜಾಗದಲ್ಲಿ 100 ಕೂರಿಸಬಹುದಿತ್ತು. ನೂರರ ನಾಲ್ಕೂವರೆ ಪಟ್ಟು ಎಷ್ಟು? 450. ಅಷ್ಟು ವೇಗದ ಪೆಂಟಿಯಂ 2 ನಮ್ಮ ಗಿರಾಕಿಗಳಿಗೆ ಎಟುಕುವ ಮಾತೇ ಆಗಿರಲಿಲ್ಲ. ಒಂದು ಸಂಜೆ ಸಾಹುಕಾರರು ಮನೆಗೆ ಹೋದ ಮೇಲೆ ನಾನು ಆ ಸೆಟ್ಟಿಂಗ್ ಬದಲಿಸಿ, ರಾತ್ರಿಯಿಡೀ ಓಡಲು ಬಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ಬಂದು ನೋಡಿದರೆ ಇನ್ನೂ ಓಡುತ್ತಿತ್ತು! ಅದು ಡಿಸೆಂಬರ್. ಏಪ್ರಿಲ್ ಬಂತು ನೋಡು, ಅದೇ ಪೆಟ್ಟಿಗೆ ಮಧ್ಯಾಹ್ನ ಎರಡು ಗಂಟೆ ಆದರೆ ಸಾಕು, ನಿಂತುಬಿಡುತ್ತಿತ್ತು. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಅಂಗಡಿಯಲ್ಲಿ ಇದ್ದಿದ್ದು ಅದೊಂದೇ ಫ್ಯಾನು. ಸಾಹುಕಾರರು ಏನಂದರು ಅಂತ ಇಲ್ಲಿ ಬರೆಯೋಕಾಗಲ್ಲ.

ಈಗಿನ ಪ್ರೊಸೆಸರ್‌ಗಳಲ್ಲಿ ಹಾಗೆ ಉಳಿದುಹೋದ ರಸ ಇಲ್ಲ. ಕಾರ್ಖಾನೆಯವರೇ ಹಿಂಡಿ ಕಳಿಸಿರುತ್ತಾರೆ. ಎಎಂಡಿಯ ರೈಜನ್ 5 7600 ಅನ್ನೇ ನೋಡು. ಅದರ ಮೂಲ ವೇಗ 3.8 ಗಿಗಾಹರ್ಟ್ಸ್. ಕೆಲಸ ಬಿದ್ದಾಗ ತಾನಾಗೇ 5.1ರವರೆಗೆ ಏರುತ್ತೆ. ನೀನು ನಾಲ್ಕು ರಾತ್ರಿ ನಿದ್ದೆಗೆಟ್ಟು ಅದರ ಮೇಲೆ ತೆಗೆಯೋದು ನೂರಕ್ಕೆ ನಾಲ್ಕೋ ಐದೋ ಪಾಲು. ಅದಕ್ಕೂ ವೋಲ್ಟೇಜ್ ಏರಿಸಬೇಕು. ವೋಲ್ಟೇಜಿನ ಲೆಕ್ಕ ಮೋಸದ್ದು: ಹತ್ತು ಪಾಲು ಏರಿಸಿದರೆ ವೇಗ ಒಂಚೂರೂ ಏರದಿದ್ದರೂ ಶಾಖ ಇಪ್ಪತ್ತೊಂದು ಪಾಲು ಏರುತ್ತೆ. ಜಾಸ್ತಿ ವೋಲ್ಟೇಜ್ ಚಿಪ್ಪನ್ನು ಸವೆಸುತ್ತೆ ಕೂಡ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳಲ್ಲಿ ಇದೇ ಥರದ ತೊಂದರೆ ಕಾಣಿಸಿಕೊಂಡು, 2024ರಲ್ಲಿ ಕಂಪನಿಯೇ ಬಯೋಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಅಂಥದ್ದನ್ನು ಸೆಕೆಂಡ್‌ಹ್ಯಾಂಡ್ ತಗೊಳ್ಳೋದಾದರೆ ಬಯೋಸ್ ಹೊಸದಾಗಿದೆಯಾ ಅಂತ ಮೊದಲು ನೋಡು.

ಇಂಟೆಲ್‌ನಲ್ಲಿ ಓವರ್‌ಕ್ಲಾಕ್ ಮಾಡಬೇಕಂದ್ರೆ ಪ್ರೊಸೆಸರ್ ಹೆಸರಿನ ಕೊನೆಗೆ ‘ಕೆ’ ಇರಬೇಕು, ಬೋರ್ಡಿನ ಚಿಪ್‌ಸೆಟ್ ಹೆಸರು ‘ಝಡ್’ನಿಂದ ಶುರುವಾಗಬೇಕು. ಬಿ760 ಬೋರ್ಡಿನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರ್‌ದು ಆಗಲ್ಲ. ಕೆ ಇಲ್ಲದ ಪ್ರೊಸೆಸರ್‌ಗೆ ಝಡ್ ಬೋರ್ಡ್ ಕಟ್ಟಿಸಿಕೊಂಡು ಬರುವವರನ್ನು ಈಗಲೂ ನೋಡುತ್ತೇನೆ. ಎತ್ತಿಲ್ಲದ ಮನೆಗೆ ಗಾಡಿ ತಂದ ಹಾಗೆ. ಎಎಂಡಿಯಲ್ಲಿ ಇಷ್ಟು ಕಟ್ಟುಪಾಡಿಲ್ಲ. ಬಿ650, ಬಿ850 ಬೋರ್ಡ್‌ಗಳಲ್ಲಿ ಆಗುತ್ತೆ, ಎ620ರಲ್ಲಿ ಆಗಲ್ಲ. ನಾನಾದರೆ ನಿನಗೆ ಎಎಂಡಿಯನ್ನೇ ಹೇಳ್ತೀನಿ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನು 2027 ದಾಟಿ ನಡೆಸುತ್ತೇವೆ ಅಂತ ಅವರು ಹೇಳಿದ್ದಾರೆ. ನಾಳೆ ದುಡ್ಡು ಬಂದಾಗ ಪ್ರೊಸೆಸರ್ ಮಾತ್ರ ಬದಲಿಸಿದರಾಯಿತು.

ಬೋರ್ಡಿಗೆ 25 ಸಾವಿರ ಬೇಡ. ಹನ್ನೆರಡು ಹದಿನೈದರೊಳಗಿನದು ಸಾಕು. ಉಳಿದದ್ದು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ, ಗೇಮ್ ಓಡಿಸೋದು ಅದೇ. ಬಣ್ಣದ ದೀಪ ನೋಡಬೇಡ. ಸಾಕೆಟ್ ಸುತ್ತ ಚೌಕಚೌಕದ ಸಣ್ಣ ಡಬ್ಬಿಗಳು ಇರುತ್ತವೆ. ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಪೆಟ್ಟಿಗೆ) ಕೊಡುವ 12 ವೋಲ್ಟನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸಿ ಪ್ರೊಸೆಸರ್‌ಗೆ ಉಣಿಸುವ ಜಾಗ ಅದು, ವಿಆರ್‌ಎಂ ಅಂತಾರೆ. ಬೋರ್ಡಿನಲ್ಲಿ ಬೇಗ ಬಿಸಿಯಾಗೋದೂ ಅದೇ. ಅದರ ಮೇಲೆ ಶಾಖ ಹೀರುವ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರಲಿ. ಇನ್ನೊಂದು, ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರೋ ಬೋರ್ಡನ್ನೇ ತಗೋ. ಬಯೋಸ್ ಅಪ್‌ಡೇಟ್ ಮಾಡುವಾಗ ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತ ಹಾಗೆ. ಈ ಬಟನ್ ಇದ್ದರೆ ಪೆನ್‌ಡ್ರೈವ್ ಚುಚ್ಚಿ ಬದುಕಿಸಬಹುದು. ಬೆಂಗಳೂರಿನವರಿಗೆ ಇದು ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು. ನಿಮ್ಮೂರಲ್ಲಿ ಬೇಕೇ ಬೇಕು.

ಈಗ ನಿನ್ನ ಗೆಳೆಯ ಹೇಳದೇ ಇರೋದು. ಕಂಪ್ಯೂಟರ್ ಇಡುವ ಜಾಗದ ಸ್ವಿಚ್‌ಬೋರ್ಡಿಗೆ ಅರ್ಥಿಂಗ್ ಇದೆಯಾ? ಮನೆಯಲ್ಲಿ ಹಳೇ ಕಂಪ್ಯೂಟರ್ ಇದ್ದರೆ ಹೇಳು, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಎಂದಾದರೂ ಕೈ ಜುಮ್ ಅಂದಿದೆಯಾ? ಅಂದಿದ್ದರೆ ಅರ್ಥಿಂಗ್ ಸತ್ತಿದೆ ಅಂತಲೇ ಅರ್ಥ. ಮಳೆಗಾಲದಲ್ಲಿ ನೆಲ ನೆನೆದಿರುತ್ತೆ, ಹೇಗೋ ನಡೆಯುತ್ತೆ. ಮಾರ್ಚಿಗೆ ಅರ್ಥಿಂಗ್ ಗುಂಡಿ ಒಣಗಿ ಕೈಕೊಡುತ್ತೆ. ಸಿಡಿಲಿನ ಕಾಲವೂ ಅದೇ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಮೀಟರ್ ಹಿಡಿಸು. ಎರಡು ಮೂರು ವೋಲ್ಟ್ ದಾಟಬಾರದು. ಉಪ್ಪು, ಇದ್ದಿಲು ಹಾಕಿದ ಗುಂಡಿಯಾದರೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು.

ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಇಂಟರ್ನೆಟ್ ವೈರನ್ನೂ ಕೀಳಬೇಕು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ಏಪ್ರಿಲ್ ಸಂಜೆ ಪ್ಲಗ್ ಕಿತ್ತು ಕಾಫಿ ಕುಡಿಯುತ್ತಾ ಕೂತಿದ್ದೆ. ಸಿಡಿಲು ನೆಟ್‌ವರ್ಕ್ ಕೇಬಲ್ ಹಿಡಿದು ಬಂದು ಬೋರ್ಡಿನ ಲ್ಯಾನ್ ಪೋರ್ಟನ್ನು ಸುಟ್ಟುಹಾಕಿತು. ಆ ಬೋರ್ಡ್ ತಂದು ಮೂರು ವಾರ ಆಗಿತ್ತು.

ಯುಪಿಎಸ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತೆ. 600 ವಿಎ ಅಂತ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಗೇಮ್ ಆಡುವಾಗ 300 ಎಳೆಯೋದು ಸಾಮಾನ್ಯ, ಮಾನಿಟರ್ ಬೇರೆ. ಅದರ ಮೇಲೆ ಓವರ್‌ಕ್ಲಾಕ್ ಮಾಡಿದರೆ ಕರೆಂಟ್ ಹೋದ ಕ್ಷಣ ಯುಪಿಎಸ್ ಕೀ... ಅಂತ ಕೂಗಿ ಮಲಗುತ್ತೆ. ಮನೆಯ ಇನ್ವರ್ಟರ್‌ಗೇ ಜೋಡಿಸುವುದಾದರೆ ಸೈನ್‌ವೇವ್‌ದೇ ಆಗಬೇಕು, ಅದರಲ್ಲಿರುವ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಇಡಬೇಕು.

ಇಷ್ಟೆಲ್ಲ ಹೇಳಿ ನಿನ್ನ ಆಸೆಗೆ ಪೂರ್ತಿ ತಣ್ಣೀರು ಎರಚಲ್ಲ. ಎರಡು ಕೆಲಸ ಮಾಡು. ಬಯೋಸ್‌ಗೆ ಹೋಗಿ ಎಕ್ಸ್‌ಪೊ ಅನ್ನೋ ರ‍್ಯಾಮ್ ಸೆಟ್ಟಿಂಗ್ ಆನ್ ಮಾಡು. 6000 ವೇಗದ ಡಿಡಿಆರ್5 ರ‍್ಯಾಮ್ ಅಂತ ದುಡ್ಡು ಕೊಟ್ಟಿರುತ್ತೀಯ, ಆನ್ ಮಾಡದಿದ್ದರೆ ಅದು 4800ರಲ್ಲೇ ತೆವಳಬಹುದು. ಒಂದೂವರೆ ವರ್ಷ ಹಾಗೆ ಓಡಿಸಿದವರ ಕಂಪ್ಯೂಟರ್ ಮೊನ್ನೆ ನನ್ನ ಟೇಬಲ್ ಮೇಲಿತ್ತು. ಆಮೇಲೆ ಕರ್ವ್ ಆಪ್ಟಿಮೈಜರ್ ಅನ್ನೋ ಕಡೆ ಮೈನಸ್ 10 ಹಾಕಿ ಒಂದು ವಾರ ಓಡಿಸು. ಸರಿಯಿದ್ದರೆ ಮೈನಸ್ 15. ಇದು ವೋಲ್ಟೇಜ್ ಇಳಿಸುತ್ತೆ. ತಣ್ಣಗಿರೋ ಪ್ರೊಸೆಸರ್ ತಾನೇ ಇನ್ನಷ್ಟು ಹೊತ್ತು ವೇಗವಾಗಿ ಓಡುತ್ತೆ. ಹೆಂಚಿನ ಮನೆಯ ಬೇಸಿಗೆ ಮಧ್ಯಾಹ್ನಕ್ಕೆ ಇದೇ ಸರಿಯಾದ ಓವರ್‌ಕ್ಲಾಕ್.

ಮರೆತಿದ್ದೆ. ಎಎಂ5ನಲ್ಲಿ ಪಿನ್ನುಗಳು ಪ್ರೊಸೆಸರ್‌ನಲ್ಲಿಲ್ಲ, ಬೋರ್ಡಿನಲ್ಲಿವೆ. ಕೂದಲಿನ ಹಾಗೆ ಬಾಗುತ್ತವೆ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡ, ವಾರಂಟಿಗೆ ಕೊಡುವಾಗ ಕೇಳುತ್ತಾರೆ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಅದು ರ‍್ಯಾಮಿನ ಪರಿಚಯ ಮಾಡಿಕೊಳ್ಳುತ್ತಿರುತ್ತೆ. ಗಾಬರಿಯಾಗಿ ಬಟನ್ ಒತ್ತಬೇಡ, ಒಂದು ಲೋಟ ಕಷಾಯ ಕುಡಿದು ಬಾ.

ಪ್ರಶ್ನೆ: ಮಗ ಕಂಪ್ಯೂಟರ್ ಓವರ್‌ಕ್ಲಾಕ್ ಮಾಡ್ತೀನಿ ಅಂತಾನೆ. ಬೆಂಕಿ ಹತ್ತಿಕೊಳ್ಳುತ್ತಾ? ಕರೆಂಟ್ ಬಿಲ್ ಎಷ್ಟು ಜಾಸ್ತಿ ಬರುತ್ತೆ?
— ಗೃಹಿಣಿ, ಸಾಗರ

ಉತ್ತರ: ಅಕ್ಕಾ, ಅದಕ್ಕೇ ಬೆಂಕಿ ಹತ್ತಲ್ಲ. ಈಗಿನ ಪ್ರೊಸೆಸರ್ ಒಂದು ಮಿತಿಗೆ ಬಂದರೆ, ರೈಜನ್ 5 7600ರಲ್ಲಿ ಅದು 95 ಡಿಗ್ರಿ, ತಾನೇ ನಿಧಾನ ಆಗುತ್ತೆ. ಆಗಲೂ ತಡೆಯದಿದ್ದರೆ ಆರಿಹೋಗುತ್ತೆ. ನನಗೆ ಹೆದರಿಕೆ ಇರೋದು ಅಗ್ಗದ ಎಸ್‌ಎಂಪಿಎಸ್ ಬಗ್ಗೆ, ಸಡಿಲ ಪ್ಲಗ್ ಬಗ್ಗೆ. ಆಟ ಮುಗಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿಯಿದ್ದರೆ ಆ ಸಾಕೆಟ್ ಬದಲಿಸಿ.

ಬಿಲ್ಲಿನ ಲೆಕ್ಕ ಹೀಗೆ: 60 ವ್ಯಾಟ್ ಜಾಸ್ತಿ ಎಳೆಯಿತು, ದಿನಾ ನಾಲ್ಕು ಗಂಟೆ ಆಡಿದ ಅಂದುಕೊಳ್ಳಿ. ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. 2 ಕಿಲೋವ್ಯಾಟ್‌ನ ಗೀಸರ್ ಮೂರೂವರೆ ಗಂಟೆ ಉರಿದಷ್ಟು. ಬಚ್ಚಲಲ್ಲಿ ಇನ್ನೂ ಹಂಡೆ ಒಲೆ ಇಟ್ಟಿದ್ದೀರಾದರೆ ಅವನು ಆಡಲಿ ಬಿಡಿ. ಆದರೆ ಓವರ್‌ಕ್ಲಾಕ್‌ನಿಂದ ಕೆಟ್ಟರೆ ವಾರಂಟಿ ಸಿಗಲ್ಲ ಅನ್ನೋದನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ: ನನ್ನ ಹಳೆಯ ಕಂಪ್ಯೂಟರ್ ಬೇಸಿಗೆಯಲ್ಲಿ ಚೆನ್ನಾಗಿರುತ್ತದೆ. ಜೂನ್ ಬಂದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಮದರ್‌ಬೋರ್ಡ್ ಹೋಯಿತೇ?
— ನಿವೃತ್ತ ಶಿಕ್ಷಕ, ಹೊಸನಗರ

ಉತ್ತರ: ಇಲ್ಲ ಮೇಷ್ಟ್ರೇ, ಶೀತ ಆಗಿದೆ, ಅಷ್ಟೇ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ, ಅದರ ಶಾಖವೇ ಅದಕ್ಕೆ ಮದ್ದು. ಬಟ್ಟೆ ಹೊದಿಸಿ ಇಡಬೇಡಿ. ಬೆಚ್ಚಗಿನ ಜಾಗ ಅಂತ ಇರುವೆ ಒಳಗೆ ಸಂಸಾರ ಹೂಡುತ್ತವೆ.

ಪ್ರಶ್ನೆ: ಓವರ್‌ಕ್ಲಾಕ್ ಮಾಡಲು ಹೋಗಿ ಈಗ ಕಂಪ್ಯೂಟರ್ ಏಳುತ್ತಲೇ ಇಲ್ಲ. ಅಪ್ಪನಿಗೆ ಗೊತ್ತಿಲ್ಲ. ಬೇಗ ಹೇಳಿ.
— ಹೆಸರು, ಊರು ಬೇಡ

ಉತ್ತರ: ಪ್ಲಗ್ ಕೀಳು. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿ. ಬೋರ್ಡಿನಲ್ಲಿ ಎರಡು ರೂಪಾಯಿ ನಾಣ್ಯದ ಥರದ ಸಿಆರ್2032 ಬ್ಯಾಟರಿ ಇದೆ, ಅದನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕು. ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತೆ. ಗಡಿಯಾರವೂ ತಪ್ಪಾಗುತ್ತೆ, ಮರೆಯದೆ ತಾರೀಕು ಸರಿಮಾಡು, ಇಲ್ಲದಿದ್ದರೆ ಅಪ್ಪನಿಗೆ ಅದರಿಂದಲೇ ಗೊತ್ತಾಗುತ್ತೆ. ಬ್ಯಾಟರಿಯ ಪ್ಲಸ್ ಗುರುತು ಮೇಲೆ ಕಾಣಬೇಕು.