ಹೈಬ್ರಿಡ್ ಹತ್ತಿಯ ಬೀಜವೂ ಮಿಯಾಸಿಸ್ಸೂ

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ನಮ್ಮ ಹೊಲದಲ್ಲಿ ಹೈಬ್ರಿಡ್ ಹತ್ತಿ ಬೆಳೆಯುತ್ತೇವೆ. ಅದರ ಬೀಜವನ್ನೇ ಉಳಿಸಿಕೊಂಡು ಮರುವರ್ಷ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆಯಾಗಿ ಬರುತ್ತದೆ ಎಂದು ತಂದೆಯವರು ಹೇಳುತ್ತಾರೆ. ಪಾಠದಲ್ಲಿ ಓದಿದ ಮಿಯಾಸಿಸ್‌ಗೂ ಇದಕ್ಕೂ ಸಂಬಂಧವಿದೆಯೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ತಂದೆಯವರ ಮಾತು ಸರಿ, ಅದಕ್ಕೆ ಕಾರಣ ಮಿಯಾಸಿಸ್ಸೇ.

ಈಗ ಹೆಚ್ಚಾಗಿ ಬೆಳೆಯುವ ಹೈಬ್ರಿಡ್ ಹತ್ತಿಯ ಪ್ರತಿ ಜೀವಕೋಶದಲ್ಲಿ ಗುಣಗಳನ್ನು ಹೊತ್ತ 52 ವರ್ಣತಂತುಗಳು (ಕ್ರೋಮೋಸೋಮ್), ಅಂದರೆ 26 ಜೋಡಿಗಳು ಇರುತ್ತವೆ. ಬೇರು, ಎಲೆಗಳು ಬೆಳೆಯುವಾಗ ನಡೆಯುವ ಮೈಟಾಸಿಸ್ ಎಂಬ ಸಾಮಾನ್ಯ ಕೋಶವಿಭಜನೆಯಲ್ಲಿ ಈ ಸಂಖ್ಯೆ ಬದಲಾಗದು. ಹೂವಿನ ಪರಾಗಕೋಶದಲ್ಲಿಯೂ ಅಂಡಕದಲ್ಲಿಯೂ ಮಾತ್ರ ಡಿಎನ್‌ಎ ಒಮ್ಮೆ ಇಮ್ಮಡಿಯಾಗಿ, ಕೋಶವು ಬೆನ್ನುಬೆನ್ನಿಗೆ ಎರಡು ಸಲ ವಿಭಜನೆಗೊಂಡು, ತಲಾ 26 ವರ್ಣತಂತುಗಳ ನಾಲ್ಕು ಕೋಶಗಳಾಗುತ್ತವೆ; ಇದೇ ಮಿಯಾಸಿಸ್. ಪರಾಗಕೋಶದಲ್ಲಿ ಈ ನಾಲ್ಕೂ ಪರಾಗಕಣಗಳಾದರೆ, ಅಂಡಕದಲ್ಲಿ ಮೂರು ನಶಿಸಿ ಒಂದೇ ಉಳಿಯುತ್ತದೆ.

ಪರೀಕ್ಷೆಗೆ ಓದುವವರು ಸಂಖ್ಯೆ ಅರ್ಧವಾಗುವುದನ್ನಷ್ಟೇ ನೆನಪಿಡುತ್ತಾರೆ; ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮಹತ್ವದ್ದು ಮೊದಲನೆಯ ವಿಭಜನೆಯಲ್ಲಿ ನಡೆಯುವ ಕಲಸುವಿಕೆ. ಆಗ ತಾಯಿಯಿಂದ ಬಂದ ವರ್ಣತಂತುವೂ ತಂದೆಯಿಂದ ಬಂದ ಅದರ ಜೋಡಿಯೂ ಉದ್ದಕ್ಕೂ ಒಂದಕ್ಕೊಂದು ಹೊಂದಿಕೊಂಡು ನಿಂತು, ಅಲ್ಲಲ್ಲಿ ತುಂಡಾಗಿ, ಆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಳಿಕ ಜೋಡಿಗಳು ಬೇರ್ಪಡುವಾಗ ಯಾವುದು ಯಾವ ಕಡೆಗೆ ಹೋಗಬೇಕೆಂಬ ಕಟ್ಟುಪಾಡಿಲ್ಲ. ತುಂಡುಗಳ ವಿನಿಮಯವನ್ನು ಬಿಟ್ಟು ಲೆಕ್ಕ ಹಾಕಿದರೂ 26 ಜೋಡಿಗಳಿಂದ 6 ಕೋಟಿ 71 ಲಕ್ಷಕ್ಕೂ ಹೆಚ್ಚು ಬಗೆಯ ಸಂಯೋಜನೆಗಳು ಸಾಧ್ಯ.

ಶುದ್ಧ ತಳಿಯಲ್ಲಿ ಜೋಡಿಯ ಎರಡೂ ತಂತುಗಳು ಒಂದೇ ತೆರನಾಗಿರುವುದರಿಂದ ಎಷ್ಟು ಕಲಸಿದರೂ ವ್ಯತ್ಯಾಸ ಹುಟ್ಟದು. ಆದ್ದರಿಂದಲೇ ಅಂಥ ಎರಡು ತಳಿಗಳ ಸಂಕರದ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಸಮನಾಗಿರುತ್ತವೆ. ಆದರೆ ಆ ಹೈಬ್ರಿಡ್ ಗಿಡದೊಳಗೆ ಪ್ರತಿ ಜೋಡಿಯ ಒಂದು ತಂತು ಒಂದು ತಳಿಯದು, ಇನ್ನೊಂದು ಮತ್ತೊಂದರದು. ಅದು ಹೂ ಬಿಟ್ಟಾಗ ಎಲ್ಲವೂ ಕಲಸಿಹೋಗಿ, ಹುಟ್ಟುವ ಬೀಜಗಳು ಬೇರೆಬೇರೆಯಾಗುತ್ತವೆ, ಸಂಕರದ ಕಸುವೂ ಕುಗ್ಗುತ್ತದೆ.

ಮಿಯಾಸಿಸ್‌ನಲ್ಲಿ ವರ್ಣತಂತುಗಳಿಗೆ ಜೋಡಿ ಸಿಗದಿದ್ದರೆ ಬೀಜವೇ ಕಟ್ಟುವುದು ಕಷ್ಟ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯು ಎರಡು ಪ್ರಭೇದಗಳ ಸಂಕರವಾದರೂ, ಎರಡರಲ್ಲಿಯೂ 52 ವರ್ಣತಂತುಗಳಿದ್ದುದರಿಂದ ಫಲವಂತವಾಯಿತು. ಜವಾರಿ ಹತ್ತಿಯಲ್ಲಿರುವುದು 26 ಮಾತ್ರ; ಅದನ್ನು 52ರ ಹತ್ತಿಯೊಡನೆ ಸಂಕರಿಸಿದರೆ ಬರುವ 39ರಲ್ಲಿ 13 ವರ್ಣತಂತುಗಳು ಒಂಟಿಯಾಗಿ ಉಳಿದು, ಗಿಡ ಬಂಜೆಯಾಗುತ್ತದೆ.

ನಿಮ್ಮ ಹೊಲದ ಮಟ್ಟಿಗೆ ಹೇಳುವುದಾದರೆ, ಹೈಬ್ರಿಡ್ ಬೀಜವನ್ನು ಪ್ರತಿ ಸಲವೂ ಆ ಎರಡು ಮೂಲ ತಳಿಗಳ ಹೂಗಳನ್ನೇ ಸಂಕರಿಸಿ ಹೊಸದಾಗಿ ಪಡೆಯಬೇಕಾಗುತ್ತದೆ.