ಡಾಲ್ ಟಗರಿಗೆ ಯಾವ ಕಾಡತೂಸು? ಮ್ಯಾಗ್ನಮ್ ಆಸೆ ಬಿಡಿ

ಶಿಕಾರಿ ಸೀಸನ್ ಹತ್ತಿರ ಬಂದರೆ ಸಾಕು, ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಂದ ಇದೇ ಪ್ರಶ್ನೆ ಶುರುವಾಗುತ್ತದೆ: ಬೆಟ್ಟದ ಕುರಿಗೆ ಯಾವ ಕ್ಯಾಲಿಬರ್ (ಗುಂಡಿನ ಅಳತೆ) ಬೆಸ್ಟ್? ಉತ್ತರ ಕೊಟ್ಟರೂ ಮತ್ತೆ ಅದನ್ನೇ ಕೇಳುತ್ತಾರೆ. ಈ ಸಲ ಡಾಲ್ ಟಗರಿನ (ಅಲಾಸ್ಕಾ, ಕೆನಡಾದ ಬಿಳಿ ಕಾಡುಕುರಿಯ ಗಂಡು) ಬಗ್ಗೆ ಬಂದ ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಚುಟುಕಾಗಿ. ಕೋವಿ ಜೀರೋ ಮಾಡುವುದು (ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ ಹೊಂದಿಸುವುದು) ಹೇಗೆ, ಫುಲ್ ಕರ್ಲ್ (ಪೂರ್ತಿ ಸುತ್ತು ಬಂದ) ಕೊಂಬು ಅಂದರೇನು ಅಂತ ಕೇಳಿದವರು ದಯವಿಟ್ಟು ಮೊದಲು ಕೋವಿಯ ಕೈಪಿಡಿ, ಶಿಕಾರಿ ನಿಯಮಗಳ ಪುಸ್ತಕ ಓದಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಅಲಾಸ್ಕಾಕ್ಕೆ ಡಾಲ್ ಟಗರಿನ ಶಿಕಾರಿಗೆ ಹೋಗುತ್ತಿದ್ದೇನೆ. ನನ್ನ ಹತ್ತಿರ .270 ವಿಂಚೆಸ್ಟರ್ ಕೋವಿ ಇದೆ. ಅದು ಸಾಲದು, .300 ಮ್ಯಾಗ್ನಮ್ (ಮದ್ದು ಹೆಚ್ಚಿರುವ ಜೋರಿನ ಕಾಡತೂಸು) ತಗೋ ಅಂತ ಗೆಳೆಯರು ಹೇಳುತ್ತಾರೆ. ಯಾವ ಕಾಡತೂಸು ಕೊಳ್ಳಲಿ? (ಸಿಯಾಟಲ್‌ನ ಓದುಗರು)

ಉತ್ತರ: ನಿಮ್ಮ ಗೆಳೆಯರು ಡಾಲ್ ಟಗರನ್ನು ನೋಡಿದ ಹಾಗಿಲ್ಲ. ಅದು 300 ಪೌಂಡ್ ದಾಟುವುದೇ ಅಪರೂಪ. ತೆಳು ಚರ್ಮ, ಸಾಧಾರಣ ಮೂಳೆ. .270 ಬಂದದ್ದು 1925ರಲ್ಲಿ. ಅಮೆರಿಕದ ಶಿಕಾರಿ ಬರಹಗಾರ ಜ್ಯಾಕ್ ಓ'ಕಾನರ್ ಅದೇ ಕಾಡತೂಸು ಹಿಡಿದು ಉತ್ತರ ಅಮೆರಿಕದ ಬೆಟ್ಟಗಳಲ್ಲೆಲ್ಲ ಕುರಿ ಹೊಡೆದರು, ಬರೆದರು. ಆಮೇಲೆ ಕುರಿಯ ಚರ್ಮವೇನೂ ದಪ್ಪವಾಗಿಲ್ಲ, ಅಲ್ವಾ? 6.5 ಕ್ರೀಡ್‌ಮೋರ್, .308, .30-06 ಕಾಡತೂಸುಗಳಲ್ಲಿ ಯಾವುದಾದರೂ ನಡೆಯುತ್ತದೆ. ಮ್ಯಾಗ್ನಮ್ ಹೆಗಲಿಗೆ ಜೋರಾಗಿ ಒದೆಯುತ್ತದೆ. ಒದೆಗೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಅದಕ್ಕೆ ಮದ್ದಿಲ್ಲ. ಹಗುರ ಕೋವಿಯಲ್ಲಿ ಈ ಒದೆ ಇನ್ನೂ ಜಾಸ್ತಿ, ಬೆಟ್ಟಕ್ಕೆ ಎಲ್ಲರೂ ಹೊತ್ತೊಯ್ಯುವುದು ಹಗುರ ಕೋವಿಯನ್ನೇ.

ನೀವು ಕೇಳಬೇಕಾಗಿದ್ದದ್ದು ಗುಂಡಿನ (ಕಾಡತೂಸಿನ ತುದಿಯಿಂದ ಹಾರಿಹೋಗುವ ಲೋಹದ ತುಂಡಿನ) ಬಗ್ಗೆ. ಗುಂಡು ಟಗರನ್ನು ತಲುಪುವಾಗ ಅದಕ್ಕೆ ಎಷ್ಟು ವೇಗ ಉಳಿದಿರುತ್ತದೆ ಅನ್ನುವುದನ್ನು ನೋಡಿ. 130 ಗ್ರೇನ್‌ನ (ಸುಮಾರು 8.4 ಗ್ರಾಂ) .270 ಗುಂಡು ನಳಿಗೆಯಿಂದ ಸೆಕೆಂಡಿಗೆ 3060 ಅಡಿಯ ಹತ್ತಿರ ಹೊರಡುತ್ತದೆ. 400 ಗಜದಲ್ಲಿ ಸುಮಾರು 2200 ಉಳಿಯುತ್ತದೆ. ಈ ವೇಗಕ್ಕೆ ಸೀಸದ ಗುಂಡೂ ಅರಳುತ್ತದೆ (ತಾಗಿದಾಗ ಮೂತಿ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ), ತಾಮ್ರದ್ದೂ ಅರಳುತ್ತದೆ. ತಾಮ್ರದ ಗುಂಡಿಗೆ ಮಾತ್ರ ವೇಗ ಬೇಕೇ ಬೇಕು. 1800-2000 ಅಡಿಗಿಂತ ಕೆಳಗೆ ಬಂದರೆ ಬಹಳಷ್ಟು ತಾಮ್ರದ ಗುಂಡುಗಳು ಎಸಳು ಬಿಚ್ಚದೆ ಮೊಗ್ಗಿನ ಹಾಗೇ ಹಾದುಹೋಗುತ್ತವೆ. ಗಾಯ ಸಣ್ಣದು, ಟಗರು ಬಂಡೆ ದಾಟಿ ಹೋಗಿಬಿಡುತ್ತದೆ. ಆದ್ದರಿಂದ ತಾಮ್ರ ಆರಿಸಿದರೆ ಒಂದು ಮೆಟ್ಟಿಲು ಹಗುರವಾದ ತೂಕ ತೆಗೆದುಕೊಳ್ಳಿ, ಅದು ಹೆಚ್ಚು ವೇಗವಾಗಿ ಹೊರಡುತ್ತದೆ. ನಳಿಗೆ ಚಿಕ್ಕದಾದರೆ ವೇಗವೂ ಕಮ್ಮಿ, ಚಿಕ್ಕ ನಳಿಗೆಯ .308 ಇದ್ದವರು ಇದನ್ನು ಎರಡು ಸಲ ಓದಿ. ಕ್ಯಾಲಿಫೋರ್ನಿಯಾದಲ್ಲಿ ಡೆಸರ್ಟ್ ಬಿಗ್‌ಹಾರ್ನ್ (ಮರುಭೂಮಿಯ ಕಾಡುಕುರಿ) ಪರ್ಮಿಟ್ ಸಿಕ್ಕವರಿಗೆ ಆಯ್ಕೆಯೇ ಇಲ್ಲ. 2019ರ ಜುಲೈ 1ರಿಂದ ಅಲ್ಲಿ ಶಿಕಾರಿಗೆ ಸೀಸದ ಗುಂಡು ಬಂದ್.

ನನ್ನ ಸ್ವಂತ ಆಯ್ಕೆ ನೋಸ್ಲರ್ ಕಂಪನಿಯ ಹಳೆಯ ಕಾಲದ ಪಾರ್ಟಿಷನ್ ಗುಂಡು. ಮುಂಭಾಗ ಮೆತ್ತಗೆ ಅರಳುತ್ತದೆ, ನಡುವಿನ ತಾಮ್ರದ ಗೋಡೆ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಅದಕ್ಕಿಂತ ಚೂಪು ಮೂತಿಯ ಹೊಸ ಗುಂಡುಗಳು ಗಾಳಿ ಸೀಳಿಕೊಂಡು ಚೆನ್ನಾಗಿ ಹೋಗುತ್ತವೆ, ಒಪ್ಪುತ್ತೇನೆ. ಆದರೆ ಟಾರ್ಗೆಟ್‌ಗೆ ಅಂತ ಮಾಡಿದ ಮ್ಯಾಚ್ ಗುಂಡನ್ನು ಪ್ರಾಣಿಗೆ ಹೊಡೆಯಲು ಹೇಳುವ ವಿಡಿಯೋ ಗುರುಗಳ ಮಾತು ಕೇಳಬೇಡಿ. ಹತ್ತಿರದಿಂದ ಭುಜದ ಮೂಳೆಗೆ ತಾಗಿದರೆ ಅದು ಅಲ್ಲೇ ಪುಡಿಯಾಗಬಹುದು.

ಇನ್ನು ಕೊಳ್ಳುವ ವಿಷಯ. ಬಾಕ್ಸಿನ ಮಡಿಕೆಯ ಮೇಲೆ ಮಸುಕಾಗಿ ಒತ್ತಿದ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಕಂತಿನ ಗುರುತು) ಇರುತ್ತದೆ. ಯಾರೂ ಅದನ್ನು ನೋಡುವುದಿಲ್ಲ. ಒಂದೇ ಕಂಪನಿ, ಒಂದೇ ಗುಂಡು ಆದರೂ ಲಾಟ್ ಬದಲಾದರೆ ಗುಂಡು ಬೀಳುವ ಜಾಗ ಬದಲಾಗಬಹುದು. ಎರಡು ಮೂರು ಬಗೆಯ ಕಾಡತೂಸು ಒಂದೊಂದು ಬಾಕ್ಸ್ ತಂದು ಹೊಡೆದು ನೋಡಿ. ನಿಮ್ಮ ಕೋವಿಗೆ ಹಿಡಿಸಿದ್ದನ್ನು ಒಂದೇ ಲಾಟ್‌ನಲ್ಲಿ ನಾಲ್ಕೈದು ಬಾಕ್ಸ್ ಕೊಳ್ಳಿ. ಬಹುಪಾಲು ಅಭ್ಯಾಸಕ್ಕೆ ಹೋಗಲಿ. ಬೆಂಚಿನ ಮೇಲೆ ಕೂತು ಹೊಡೆದದ್ದು ಅಭ್ಯಾಸವಲ್ಲ. ಬೆನ್ನಚೀಲವನ್ನು ಕಲ್ಲಿನ ಮೇಲಿಟ್ಟು, ಏದುಸಿರು ಬಿಡುತ್ತಾ ಹೊಡೆಯಿರಿ. ಅಲಾಸ್ಕಾ ತಲುಪಿದ ಮೇಲೆ ಮತ್ತೊಮ್ಮೆ ಜೀರೋ ನೋಡಿ. ವಿಮಾನದವರು ಕೋವಿ ಪೆಟ್ಟಿಗೆಯನ್ನು ಹೇಗೆ ಎಸೆಯುತ್ತಾರೆ ಅಂತ ನಿಮಗೇ ಗೊತ್ತು.

ಎದೆಗೂಡಿನಲ್ಲಿ ಪ್ರಾಣ ಹೋಗುವ ಜಾಗ ಎಂಟೊಂಬತ್ತು ಇಂಚು ಅಷ್ಟೇ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 400 ಗಜದಲ್ಲಿ ನಿಮ್ಮ .270 ಗುಂಡನ್ನು ಸುಮಾರು ಒಂದು ಅಡಿ ಪಕ್ಕಕ್ಕೆ ತಳ್ಳುತ್ತದೆ. ಕಣಿವೆಯಲ್ಲಿ ಈಚೆ ಒಂದು ಗಾಳಿ, ಆಚೆ ಇನ್ನೊಂದು. ಇದನ್ನು ಯಾವ ಮ್ಯಾಗ್ನಮ್ಮೂ ಸರಿ ಮಾಡುವುದಿಲ್ಲ. ನಾನಾದರೆ 300 ಗಜದ ಆಚೆ ಹೊಡೆಯುವುದಿಲ್ಲ, ತೆವಳಿಕೊಂಡು ಹತ್ತಿರ ಹೋಗುತ್ತೇನೆ. 900 ಗಜದಿಂದ ಕುರಿ ಹೊಡೆದೆ ಅಂತ ಜಂಭ ಕೊಚ್ಚುವವರು ಗಾಯ ಮಾಡಿ ಬಿಟ್ಟವುಗಳ ಲೆಕ್ಕ ಹೇಳುತ್ತಾರಾ?

ಪ್ರಶ್ನೆ: ಮೇಲಕ್ಕೆ ಹೊಡೆಯುವಾಗ ಮೇಲೆ ಗುರಿಯಿಡಬೇಕು, ಕೆಳಕ್ಕೆ ಹೊಡೆಯುವಾಗ ಕೆಳಗೆ. ಸರಿ ತಾನೇ?

ಉತ್ತರ: ಅರ್ಧ ಸುಳ್ಳು. ಎರಡು ಕಡೆಯೂ ಗುಂಡು ಅಂದುಕೊಂಡದ್ದಕ್ಕಿಂತ ಮೇಲೇ ಬೀಳುತ್ತದೆ. ಲೆಕ್ಕಕ್ಕೆ ಬರುವುದು ಸಮತಲದ ಅಡ್ಡ ದೂರ, ಇಳಿಜಾರಿನ ಉದ್ದವಲ್ಲ. 30 ಡಿಗ್ರಿ ಇಳಿಜಾರಿನಲ್ಲಿ 400 ಗಜ ಅಂದರೆ 346 ಗಜದ ಲೆಕ್ಕ. ಪೂರ್ತಿ 400ಕ್ಕೆ ಹಿಡಿದರೆ ಏಳೆಂಟು ಇಂಚು ಮೇಲೆ ಹೋಗುತ್ತದೆ, ಬೆನ್ನ ಮೇಲಿನ ಕೂದಲು ಹಾರುತ್ತದೆ.

ಪ್ರಶ್ನೆ: ಗೆಳೆಯರೊಬ್ಬರು ಮನೆಯಲ್ಲೇ ತುಂಬಿದ 'ಸ್ಪೆಷಲ್ ಲೋಡ್' ಕೊಡುತ್ತಾರಂತೆ, ತಗೊಳ್ಳಲಾ?

ಉತ್ತರ: ಬೇಡ. ಇನ್ನೊಬ್ಬರು ತುಂಬಿದ ಮದ್ದನ್ನು ನಿಮ್ಮ ಕೆನ್ನೆಯ ಪಕ್ಕ ಸಿಡಿಸಬೇಡಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕಾಡತೂಸು ಕೊಳ್ಳಬಹುದಾ?

ಉತ್ತರ: ಅಂಥ ವೀಸಾದವರು ಕೋವಿ, ಕಾಡತೂಸು ಇಟ್ಟುಕೊಳ್ಳುವುದಕ್ಕೇ ಅಮೆರಿಕದ ಫೆಡರಲ್ ಕಾನೂನಿನ ತಡೆ ಇದೆ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಅಂಗಡಿಯವನ ಮಾತು ನಂಬಬೇಡಿ, ಮೊದಲು ವಕೀಲರನ್ನು ಕೇಳಿ. ಅಲಾಸ್ಕಾದಲ್ಲಿ ಅಮೆರಿಕದ ಪ್ರಜೆಯಲ್ಲದ ಹೊರಗಿನವರು ದೊಡ್ಡ ಪ್ರಾಣಿಗಳ ಶಿಕಾರಿಗೆ ಗೈಡ್ ಇಲ್ಲದೆ ಹೋಗುವಂತೆಯೂ ಇಲ್ಲ.

ಪ್ರಶ್ನೆ: ಲಡಾಖ್‌ನಲ್ಲಿ ಭರಲ್ (ಹಿಮಾಲಯದ ನೀಲಿ ಕುರಿ) ಕುರಿಗೆ ಎಷ್ಟು ಗ್ರೇನ್ ಗುಂಡು?

ಉತ್ತರ: ಸೊನ್ನೆ. 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ. ಜೈಲೂ ಇದೆ.

ಪ್ರಶ್ನೆ: ಕೊಡಗಿನ ತಾತನ ಹನ್ನೆರಡು ಬೋರಿನ ಕೋವಿ ಸಾಕಾಗುವುದಿಲ್ಲವಾ?

ಉತ್ತರ: ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ ಸಾಕು.

ಪ್ರಶ್ನೆ: ವಿಮಾನದಲ್ಲಿ ಎಷ್ಟು ಕಾಡತೂಸು ಒಯ್ಯಬಹುದು? ಕರಡಿಗೆ ಏನು ಮಾಡುವುದು?

ಉತ್ತರ: ಅಮೆರಿಕದ ಬಹುತೇಕ ವಿಮಾನ ಕಂಪನಿಗಳಲ್ಲಿ 11 ಪೌಂಡ್ ಮಿತಿ. ಚೆಕ್-ಇನ್ ಬ್ಯಾಗಿನಲ್ಲಿ, ಕಾಡತೂಸಿಗೆಂದೇ ಮಾಡಿದ ಡಬ್ಬಿಯಲ್ಲಿ ಇರಬೇಕು. ಜೇಬಿನಲ್ಲಿ ಬಿಡಿಯಾಗಿ ಉಳಿದ ಒಂದು ಕಾಡತೂಸಿನಿಂದ ವಿಮಾನ ತಪ್ಪಿಸಿಕೊಂಡವರಿದ್ದಾರೆ, ಹಳೆಯ ಜಾಕೆಟ್ ತಡಕಿ ನೋಡಿ. ಬೇರ್ ಸ್ಪ್ರೇಯನ್ನು (ಕರಡಿ ಓಡಿಸುವ ಖಾರದ ಸ್ಪ್ರೇ) ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ. ಆ್ಯಂಕರೇಜ್‌ನಲ್ಲಿ ಇಳಿದ ಮೇಲೆ ಕೊಳ್ಳಿ. ಮುಂದೆ ಸಣ್ಣ ವಿಮಾನ ಹತ್ತುವಾಗ ಸ್ಪ್ರೇ ಇದೆ ಅಂತ ಪೈಲಟ್‌ಗೆ ಮೊದಲೇ ಹೇಳಿ.