ಶುಗರ್ ಇದ್ದವರ ಕಿಡ್ನಿ ತೊಂದರೆಗೆಲ್ಲ ಶುಗರೇ ಕಾರಣವಾ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ರೇಷ್ಮೆ ರೀಲಿಂಗ್ ಕೆಲಸ. ಮೂರು ವರ್ಷದಿಂದ ಶುಗರ್ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿರುತ್ತಾರೆ. ಎರಡು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಮುಖ, ಕಾಲು ಊದಿಕೊಂಡವು. ಮೂತ್ರದಲ್ಲಿ ನೊರೆ. ಪ್ರೋಟೀನ್ ತುಂಬಾ ಹೋಗುತ್ತಿದೆ, ಕೆಂಪು ರಕ್ತಕಣವೂ ಇದೆ ಅಂದರು. ಕಣ್ಣಿನ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ‘ಶುಗರ್ ಕಿಡ್ನಿಗೆ ಇಳಿದಿದೆ, ಇನ್ನು ಡಯಾಲಿಸಿಸ್ಸೇ’ ಅಂತ ನೆಂಟರು ಹೇಳುತ್ತಾರೆ. ಕಿಡ್ನಿ ಡಾಕ್ಟರು ಬಯಾಪ್ಸಿ ಬೇಕು ಅಂತಾರೆ. ಕಾರಣ ಗೊತ್ತಿದ್ದ ಮೇಲೂ ಸೂಜಿ ಚುಚ್ಚಿಸಬೇಕಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಕಾರಣ ಇನ್ನೂ ಗೊತ್ತಾಗಿಲ್ಲ ಅಮ್ಮ. ಅದಕ್ಕೇ ಬಯಾಪ್ಸಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ.

ನಿಮ್ಮೂರ ಕಡೆ ರೇಷ್ಮೆ ಹುಳು ಸತ್ತರೆ ಎಲ್ಲವನ್ನೂ ಸುಣ್ಣಕಟ್ಟು ರೋಗ ಅಂದುಬಿಡುತ್ತಾರಾ? ಹಾಲುತೊಂಡೆಯಾ, ಸಪ್ಪೆ ರೋಗವಾ ಅಂತ ನೋಡುತ್ತಾರೆ ಅಲ್ವಾ? ಕಿಡ್ನಿಯ ವಿಷಯವೂ ಹಾಗೇ.

ಶುಗರ್ ಕಿಡ್ನಿಯನ್ನು ನಿಧಾನವಾಗಿ ಕೆಡಿಸುತ್ತದೆ, ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಮೊದಲು ಸ್ವಲ್ಪ ಪ್ರೋಟೀನ್, ಆಮೇಲೆ ವರ್ಷ ವರ್ಷ ಜಾಸ್ತಿ. ಅಷ್ಟೊತ್ತಿಗೆ ಕಣ್ಣಿನ ಒಳಪರದೆಯ ರಕ್ತನಾಳಗಳೂ ಹೆಚ್ಚಾಗಿ ಹಾಳಾಗಿರುತ್ತವೆ. ನಿಮ್ಮ ಯಜಮಾನರ ಕಥೆ ಹೀಗಿಲ್ಲ. ಊತ ದಿಢೀರ್ ಬಂದಿದೆ, ಕಣ್ಣು ಚೆನ್ನಾಗಿದೆ, ಮೂತ್ರದಲ್ಲಿ ರಕ್ತಕಣವಿದೆ. ಮೂರು ವರ್ಷ ಅನ್ನುವುದನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಎಷ್ಟೋ ಜನರಿಗೆ ಶುಗರ್ ಗೊತ್ತಾಗುವ ಹೊತ್ತಿಗೆ ಅದು ಬಂದು ವರ್ಷಗಳೇ ಆಗಿರುತ್ತವೆ. ಆದರೂ ಉಳಿದದ್ದೆಲ್ಲ ಸೇರಿಸಿದರೆ, ಬೇರೆ ಕಾಯಿಲೆ ಇರಬಹುದು ಅನ್ನುವ ನಿಮ್ಮ ಡಾಕ್ಟರ ಅನುಮಾನ ಸರಿಯಾಗಿದೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುಗರ್ ಇದ್ದ 620 ಜನರ ಕಿಡ್ನಿ ಬಯಾಪ್ಸಿ ನೋಡಿದರು. ಬರೀ ಶುಗರಿನಿಂದ ಕೆಟ್ಟ ಕಿಡ್ನಿ ಶೇ. 37 ಜನರಲ್ಲಿ. ಶೇ. 36 ಜನರಿಗೆ ಬೇರೆಯದೇ ಕಾಯಿಲೆ. ಉಳಿದ ಶೇ. 27 ಜನರಿಗೆ ಎರಡೂ. ಇವರೆಲ್ಲ ಡಾಕ್ಟರಿಗೆ ಅನುಮಾನ ಬಂದು ಬಯಾಪ್ಸಿಗೆ ಹೋದವರು. ಹಾಗಾಗಿ ಶುಗರ್ ಇರುವ ಎಲ್ಲರಿಗೂ ಈ ಲೆಕ್ಕ ಹೊಂದುವುದಿಲ್ಲ.

ಬೇರೆ ಕಾಯಿಲೆ ಅಂದರೆ ಐಜಿಎ ನೆಫ್ರೋಪತಿ, ಮೆಂಬ್ರೇನಸ್ ನೆಫ್ರೋಪತಿ ಇತ್ಯಾದಿ. ಇವೆರಡರಲ್ಲೂ ದೇಹದ ರೋಗನಿರೋಧಕ ವ್ಯವಸ್ಥೆಯ ಎಡವಟ್ಟಿನಿಂದ ಕಿಡ್ನಿಯ ಸೋಸುವ ಜಾಲರಿ ಕೆಡುತ್ತದೆ. ಮೆಂಬ್ರೇನಸ್‌ಗೆ ಪಿಎಲ್‌ಎ2ಆರ್ ಅನ್ನುವ ರಕ್ತ ಪರೀಕ್ಷೆಯೂ ಇದೆ, ಕೇಳಿ ನೋಡಿ. ಪಾದರಸ ಬೆರೆತ ಭಸ್ಮ, ಬೆಳ್ಳಗಾಗಿಸುವ ಕ್ರೀಮುಗಳಿಂದಲೂ ಮೆಂಬ್ರೇನಸ್ ಬರಬಹುದು.

ನನಗೆ ಜಾಸ್ತಿ ಚಿಂತೆ ಆ ಸೊಂಟ ನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಕೆಲವರಲ್ಲಿ ಕಿಡ್ನಿಯೊಳಗೇ ಉರಿಯೂತ ತರುತ್ತವೆ, ಕೆಲವರಲ್ಲಿ ಹೀಗೆಯೇ ಪ್ರೋಟೀನ್ ಸೋರುವಂತೆ ಮಾಡುತ್ತವೆ. ಇವತ್ತೇ ನಿಲ್ಲಿಸಿ. ಬೇಗ ನಿಲ್ಲಿಸಿದರೆ ಎಷ್ಟೋ ಸಲ ಕಿಡ್ನಿ ಚೇತರಿಸಿಕೊಳ್ಳುತ್ತದೆ.

ಬಯಾಪ್ಸಿಗೆ ಬೆನ್ನಿನ ಹತ್ತಿರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗಿನಲ್ಲಿ ನೋಡುತ್ತಾ ದಾರದಷ್ಟು ಸಣ್ಣ ಎಳೆ ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲುಗಾಡದೆ ಮಲಗಿರಬೇಕು. ಒಂದೆರಡು ಸಲ ಮೂತ್ರ ಕೆಂಪಗೆ ಹೋಗಬಹುದು. ದೊಡ್ಡ ರಕ್ತಸ್ರಾವ ಅಪರೂಪ. ಬಿಪಿ ಹತೋಟಿಯಲ್ಲಿರಬೇಕು. ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಕೆಲವು ಕಾಯಿಲೆಗೆ ಸ್ಟೆರಾಯ್ಡ್ ಬೇಕಾಗುತ್ತದೆ. ಅದರಿಂದ ಶುಗರ್ ಏರುತ್ತದೆ, ಸ್ವಲ್ಪ ದಿನ ಇನ್ಸುಲಿನ್ ಬೇಕಾಗಬಹುದು. ಕಾಯಿಲೆ ಯಾವುದೆಂದು ತಿಳಿಯದೆ ಇಂಥ ಔಷಧಿ ಸುಮ್ನೆ ಕೊಡಲು ಆಗುವುದಿಲ್ಲ. ಶುಗರಿನದೇ ತೊಂದರೆ ಅಂತ ಬಂದರೂ ಅದಕ್ಕೂ ಒಳ್ಳೆಯ ಔಷಧಿಗಳಿವೆ, ಡಯಾಲಿಸಿಸ್ ಮಾತು ಈಗಲೇ ಬೇಡ.

ಖರ್ಚಿನ ಯೋಚನೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಹಳೆಯ ರಿಪೋರ್ಟೆಲ್ಲ ತೆಗೆದುಕೊಂಡು ಹೋಗಿ. ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ ಮನೆಯಲ್ಲಿ ಸಿಕ್ಕರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.